ಹೊಳೇಲಿ ನೀರು ಕಮ್ಮಿ ಇರೋ ಕಡೆ ಔಟ್‌ಬೋರ್ಡ್ ದೋಣಿ ಓಡಿಸೋದು ಹೇಗೆ? ಗೊತ್ತಿರೋರು ಹೇಳಿ

ಕುದ್ರುಮನೆ:

ನಮಸ್ಕಾರ ಎಲ್ರಿಗೂ. ನಮ್ಮ ಮನೆ ಕುಂದಾಪುರದ ಹತ್ರ, ಪಂಚಗಂಗಾವಳಿ ಹೊಳೆ ಮಧ್ಯದ ಒಂದು ಕುದ್ರಲ್ಲಿ (ನಡುಗಡ್ಡೆಲಿ). ಇಷ್ಟು ವರ್ಷ ಹುಟ್ಟು ಹಾಕೋ ದೋಣಿನೇ ಇತ್ತು, ಅಪ್ಪಯ್ಯ ಗಳ ಊರ್ಕೊಂಡು ಎಲ್ಲಿ ಬೇಕಾದ್ರೂ ತಗೊಂಡು ಹೋಗ್ತಿದ್ರು. ಈಗ ಅವರಿಗೆ ಭುಜ ನೋವು, ಹಾಗಾಗಿ 14 ಅಡಿ ಫೈಬರ್ ದೋಣಿ ಮತ್ತೆ 9.9 ಎಚ್‌ಪಿ ಪೆಟ್ರೋಲ್ ಔಟ್‌ಬೋರ್ಡ್ (ದೋಣಿ ಹಿಂದುಗಡೆ ಹೊರಗೆ ಕೂರಿಸೋ ಎಂಜಿನ್) ಸೆಕೆಂಡ್ ಹ್ಯಾಂಡಲ್ಲಿ ತಗೊಂಡ್ವಿ. ತೆಂಗಿನಕಾಯಿ, ಗೊಬ್ಬರ, ಗ್ಯಾಸ್ ಸಿಲಿಂಡರ್ ಇಂಥದ್ದು ಸಾಗಿಸೋಕೆ, ಮತ್ತೆ ರಜೆಲಿ ಅಕ್ಕನ ಮಕ್ಕಳು ಬಂದ್ರೆ ಒಂದು ಸುತ್ತು ಕರ್ಕೊಂಡು ಹೋಗೋಕೆ.

ಹುಟ್ಟು ಹಾಕೋ ದೋಣಿಗೆ ಒಂದಡಿ ನೀರಿದ್ರೂ ಸಾಕಿತ್ತು, ಇದಕ್ಕೆ ಹಿಂದುಗಡೆ ಫ್ಯಾನ್ (ಪ್ರೊಪೆಲ್ಲರ್) ಕೆಳಗೆ ಇಳ್ಕೊಂಡಿರುತ್ತಲ್ಲ, ಹಾಗಾಗಿ ಹೆದ್ರಿಕೆ. ನಮ್ಮ ಕಡೆ ಹೂಳು ತುಂಬಿ ಎಷ್ಟೋ ಕಡೆ ಇಳಿತದ ಹೊತ್ತಿಗೆ ಮೊಣಕಾಲು ನೀರೂ ಇರಲ್ಲ. ಕೇಳಿದ್ರೆ ಒಬ್ಬೊಬ್ರು ಒಂದೊಂದು ಹೇಳ್ತಾರೆ, ಜೋರಾಗಿ ಹೋದ್ರೆ ದೋಣಿ ಮೇಲೆದ್ದು ತಾಗಲ್ಲ ಅಂತ ಒಬ್ರು, ಎಂಜಿನ್ ಅರ್ಧ ಎತ್ಕೊಂಡೇ ಹೋಗು ಅಂತ ಇನ್ನೊಬ್ರು, ಮರಳಿಗೆ ಕೂತ್ರೆ ರಿವರ್ಸ್ ಹಾಕಿ ರೇಸ್ ಕೊಡು ಅಂತ ಮತ್ತೊಬ್ರು. ಯಾವುದು ಸರಿ? ಮಕ್ಕಳನ್ನ ಕೂರಿಸೋ ಮೊದ್ಲು ಸರಿಯಾಗಿ ಕಲಿಬೇಕು ಅಂತಿದೀನಿ.

ಗಂಗೊಳ್ಳಿ ಬದಿ:

ಹ್ವಾಯ್, ಕಾಣಿ ಮಾರಾಯ್ರೆ, ಎಂಜಿನ್ ವಿಷಯ ಆಮೇಲೆ. ಮೊದ್ಲು ನೀರಿನ ಲೆಕ್ಕ ಕಲಿಕ್. ನಿಮ್ಮ ಮೂರೂ ಪ್ರಶ್ನೆಗೆ ಮುಕ್ಕಾಲು ಉತ್ತರ ಅದ್ರಲ್ಲೇ ಇತ್ತ್.

ಹೊಸ ಜಾಗಕ್ಕೆ ಹೋಗೋದಿದ್ರೆ ಭರತ (ಕಡಲ ಉಬ್ಬರ) ಏರ್ತಾ ಇರೋ ಹೊತ್ತಲ್ಲೇ ಹೋಗಿ, ಅದೂ ಏರೋಕೆ ಶುರುವಾಗಿ ಒಂದೆರಡು ಗಂಟೆ ಆದ್ಮೇಲೆ. ಆಗ ದಿಬ್ಬಗಳು ಇನ್ನೂ ಅಲ್ಲಲ್ಲಿ ತಲೆ ಹೊರಗೆ ಹಾಕಿರ್ತವೆ, ಎಲ್ಲಿ ಚಾನೆಲ್ ಎಲ್ಲಿ ಮರಳು ಅಂತ ಕಣ್ಣಿಗೇ ಕಾಣ್ತದೆ, ತಾಗಿ ಕೂತ್ರೂ ಅರ್ಧ ಗಂಟೆ ಒಳಗೆ ನೀರೇ ಎತ್ತಿ ಕೊಡ್ತದೆ. ಇಳಿತದಲ್ಲಿ ಹೋಗಿ ಕೂತ್ರೆ ಹಾಗಲ್ಲ. ಐದು ನಿಮಿಷ ತಡ ಮಾಡಿದ್ರೆ ಮುಗೀತು, ಮತ್ತೆ ಭರತ ಬರೋವರೆಗೆ ಬಿಸಿಲಲ್ಲಿ ಕೂತಿರ್ಬೇಕು. ಇನ್ನೊಂದು ವಿಷಯ ಜನ ಯೋಚ್ನೆನೇ ಮಾಡಲ್ಲ, ಅಮಾವಾಸ್ಯೆ ಹುಣ್ಣಿಮೆ ಬದಿಯ ದೊಡ್ಡ ಭರತದ ತುತ್ತತುದಿಲಿ ದಿಬ್ಬದ ಮೇಲೆ ಕೂತ್ರೆ ಮಾರನೇ ದಿನದ ಭರತ ಅಷ್ಟು ಎತ್ತರಕ್ಕೆ ಬರದೇ ಇರ್ಬಹುದು. ಒಂದೇ ದಿನದ ಎರಡು ಭರತಾನೂ ಒಂದೇ ಸಮ ಇರಲ್ಲ ನಮ್ಮ ಕರಾವಳಿಲಿ. ಹಾಗೆ ಕೂತ ದೋಣಿ ಇಳಿಸೋಕೆ ದಿನಗಟ್ಲೆ ಕಾಯ್ಬೇಕಾದೀತು.

ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳೀತದೆ, ಪ್ರತಿ ದಿನ ಹತ್ರ ಹತ್ರ 50 ನಿಮಿಷ ತಡ ಆಗ್ತದೆ, ಇದು ನಿಮ್ಮ ಅಪ್ಪಯ್ಯನಿಗೆ ಗೊತ್ತೇ ಇರ್ತದೆ. ಅವರ ಹತ್ರ ಕೂತು ಕೇಳಿ, ದೊಡ್ಡ ಶಾಲೆ ಅದು. ಏರೋ ಆರು ಗಂಟೆಲಿ ನೀರು ಒಂದೇ ಸಮ ಏರೋದಿಲ್ಲ, ಮೊದಲ ಗಂಟೆ ಕೊನೇ ಗಂಟೆ ನಿಧಾನ, ನಡುವಿನ ಎರಡು ಗಂಟೆಲಿ ಹತ್ರ ಹತ್ರ ಅರ್ಧ ನೀರು ಬಂದುಬಿಡ್ತದೆ. ಇಳಿಯೋದೂ ಹಾಗೇ. ಅಂದ್ರೆ ಇಳಿತದ ನಡುವಿನ ಹೊತ್ತಲ್ಲಿ ಸಣ್ಣ ನೀರಿನ ಕಡೆ ಇರುಕಾಗ, ಕಣ್ಣೆದುರೇ ನೀರು ಖಾಲಿ ಆತ್. ಟೈಮ್ ಟೇಬಲ್ ಬೇಕಾದ್ರೆ ಕೇಂದ್ರ ಸರ್ಕಾರದ ಸಮುದ್ರ ಮಾಹಿತಿ ಸಂಸ್ಥೆ ಇನ್‌ಕಾಯ್ಸ್‌ನವರ ವೆಬ್‌ಸೈಟಲ್ಲಿ ಸಿಗ್ತದೆ, ಆದ್ರೆ ಅದು ಸಮುದ್ರ ಬದಿಯ ಬಂದರಿನ ಟೈಮು, ಹೊಳೆ ಒಳಗೆ ಹೋದ ಹಾಗೆ ಭರತ ತಡವಾಗಿ ಬರ್ತದೆ. ನಿಮ್ಮ ಮನೆ ದಕ್ಕೆಲಿ (ದೋಣಿ ಕಟ್ಟೋ ಜಾಗದಲ್ಲಿ) ಒಂದು ಕಂಬಕ್ಕೆ ಅಡಿ ಲೆಕ್ಕದಲ್ಲಿ ಪೇಂಟಲ್ಲಿ ಗುರ್ತು ಹಾಕಿ, ಒಂದು ಹದಿನೈದು ದಿನ ಅದನ್ನ ನೋಡಿ ಬರೆದಿಟ್ರೆ ನಿಮ್ಮ ಜಾಗದ ವ್ಯತ್ಯಾಸ ಎಷ್ಟು ಅಂತ ಗೊತ್ತಾತ್.

ಮತ್ತೆ ಪ್ರತಿ ಮಳೆಗಾಲ ಕಳೆದ ಮೇಲೆ ಹೊಸ್ತಾಗಿ ನೋಡ್ಕಣಿ. ಹೋದ ವರ್ಷ ಆಳ ಇದ್ದಲ್ಲಿ ಈ ವರ್ಷ ದಿಬ್ಬ ಕಟ್ಟಿರ್ತದೆ. ನೆಂಪು ನಂಬ್ಕಂಡ್ ಹೋಪುಕಾಗ.

ಎಂಜಿನ್ ರಿಪೇರಿ ಹೊನ್ನಾವರ:

ಮೇಲಿನವರು ಹೇಳಿದ್ದು ಸತ್ಯ. ನಾನು ಔಟ್‌ಬೋರ್ಡ್ ರಿಪೇರಿ ಮಾಡೋನು, ಶರಾವತಿ ಅಳಿವೆ (ಹೊಳೆ ಕಡಲಿಗೆ ಸೇರೋ ಜಾಗ) ಕಡೆ ಟೂರಿಸ್ಟ್ ದೋಣಿಗಳದ್ದು ನಾಡದೋಣಿಗಳದ್ದು ಎಲ್ಲಾ ಬರ್ತವೆ, ಹಾಗಾಗಿ ಎಂಜಿನ್ ಕಡೆಯಿಂದ ಹೇಳ್ತೀನಿ.

ಮೊದ್ಲು ನಿಮ್ಮ ಎಂಜಿನ್ ಶಾರ್ಟ್ ಶಾಫ್ಟಾ ಲಾಂಗ್ ಶಾಫ್ಟಾ ನೋಡಿ. ಶಾರ್ಟ್ ಅಂದ್ರೆ 15 ಇಂಚು, ಲಾಂಗ್ ಅಂದ್ರೆ 20 ಇಂಚು ಎತ್ತರದ, ಎಂಜಿನ್ ಕೂರಿಸೋ ಹಿಂಬದಿ ಹಲಗೆಗೆ ಮಾಡಿದ್ದು. ಸೆಕೆಂಡ್ ಹ್ಯಾಂಡಲ್ಲಿ ದೋಣಿ ಒಬ್ಬರದ್ದು ಎಂಜಿನ್ ಇನ್ನೊಬ್ಬರದ್ದು ಆಗಿರೋದೇ ಜಾಸ್ತಿ, 15 ಇಂಚಿನ ಹಲಗೆಗೆ ಲಾಂಗ್ ಶಾಫ್ಟ್ ಕೂರಿಸಿದ್ರೆ ಸುಮ್ನೆ 5 ಇಂಚು ಕೆಳಗೆ ಇಳ್ಕೊಂಡಿರುತ್ತೆ, ಸಣ್ಣ ನೀರಲ್ಲಿ ಆ 5 ಇಂಚು ದೊಡ್ಡದು. ಫ್ಯಾನ್ ಮೇಲೆ ಒಂದು ಚಪ್ಪಟೆ ಪ್ಲೇಟ್ ಇರುತ್ತಲ್ಲ, ಅದು ದೋಣಿ ತಳದ ಮಟ್ಟಕ್ಕೆ ಅಥವಾ ಒಂದಿಂಚು ಕೆಳಗೆ ಇರ್ಬೇಕು. ಆ ಪ್ಲೇಟಿಂದ ಫ್ಯಾನಿಗಿಂತ ಕೆಳಗೆ ಇರೋ ರೆಕ್ಕೆ ತುದಿವರೆಗೆ ಟೇಪಲ್ಲಿ ಅಳೀರಿ, ಹೆಚ್ಚುಕಮ್ಮಿ ಒಂದಡಿ ಇರುತ್ತೆ. ಅದಕ್ಕೆ ಲೋಡ್ ಹಾಕಿದಾಗ ದೋಣಿ ಎಷ್ಟು ಮುಳುಗುತ್ತೆ ಅನ್ನೋದು ಕೂಡಿಸಿ. ಬಂದ ಲೆಕ್ಕಾನ ನಿಮ್ಮ ಬಿದಿರಿನ ಗಳಕ್ಕೆ ಕೆಂಪು ಪೇಂಟಲ್ಲಿ ಪಟ್ಟಿ ಹಾಕಿ, ನೀರಿಗೆ ಊರಿದಾಗ ನೀರು ಕೆಂಪು ಪಟ್ಟಿಗಿಂತ ಕೆಳಗೆ ಬಂತು ಅಂದ್ರೆ ಎಂಜಿನ್ ಎತ್ತೋ ಹೊತ್ತು ಬಂತು ಅಂತ ಅರ್ಥ.

ಎತ್ತೋದು ಎಷ್ಟು ಅಂತ ಕೇಳಿದ್ರಿ. ತುಂಬಾ ಮಾಡೆಲಲ್ಲಿ ಸಣ್ಣ ನೀರಿಗೆ ಅಂತಲೇ ಅರ್ಧ ಎತ್ತಿ ನಿಲ್ಲಿಸೋ ಪೊಸಿಷನ್ ಇರುತ್ತೆ. ಅದ್ರಲ್ಲಿ ಇಟ್ಟಾಗ ಅತಿ ನಿಧಾನಕ್ಕೆ ಮಾತ್ರ ಹೋಗ್ಬೇಕು, ಮತ್ತೆ ಕೆಳಗೆ ಪಕ್ಕದಲ್ಲಿ ಇರೋ ಜಾಲರಿ ತೂತು ನೀರೊಳಗೇ ಇದೆಯಾ ಅಂತ ನೋಡ್ಬೇಕು, ಯಾಕಂದ್ರೆ ಎಂಜಿನ್ ತಂಪು ಮಾಡೋ ನೀರು ಅಲ್ಲಿಂದಲೇ ಒಳಗೆ ಹೋಗೋದು. ಹಿಂದುಗಡೆ ಮೇಲಿಂದ ಪಿಚಕಾರಿ ಥರ ಸಣ್ಣ ನೀರು ಹಾರ್ತಾ ಇರುತ್ತೆ ಗಮನಿಸಿ, ಆ ನೀರು ನಿಂತ್ರೆ ಆ ಕ್ಷಣ ಎಂಜಿನ್ ಆಫ್ ಮಾಡಿ. ದಡಕ್ಕೆ ಹೋಗಿ ನೋಡೋಣ ಅಂದ್ರೆ ಒಳಗೆ ನೀರೆತ್ತೋ ರಬ್ಬರ್ ಇಂಪೆಲ್ಲರ್ ಸುಟ್ಟು ಹೋಗುತ್ತೆ, ಆಮೇಲೆ ಎಂಜಿನ್ನೇ ಹಿಡ್ಕೊಳ್ಳುತ್ತೆ. ಜಾಸ್ತಿ ಸಲ ಪ್ಲಾಸ್ಟಿಕ್ ಕವರ್ ಬಂದು ಜಾಲರಿಗೆ ಅಂಟಿರುತ್ತೆ ಅಷ್ಟೇ, ಎತ್ತಿ ತೆಗೆದ್ರೆ ಸರಿಹೋಯ್ತು. ಮರಳು ಕೆಸರು ಎಳ್ಕೊಂಡಿದ್ರೆ ನೀರು ಹಾರೋ ಆ ಸಣ್ಣ ತೂತಿಗೆ ತೆಳು ತಂತಿ ಹಾಕಿ ಬಿಡಿಸ್ಬಹುದು, ಒಂದು ತುಂಡು ತಂತಿ ಟೂಲ್ ಡಬ್ಬಿಲಿ ಇರಲಿ.

ರಿವರ್ಸ್ ವಿಷಯ ಮುಖ್ಯ, ದಯವಿಟ್ಟು ಗಮನ ಕೊಡಿ. ಮುಂದೆ ಹೋಗ್ತಿರುವಾಗ ಕೆಳಗೆ ಏನಾದ್ರೂ ತಾಗಿದ್ರೆ ಎಂಜಿನ್ ತಾನಾಗೇ ಮೇಲೆದ್ದು ಬಿಡುತ್ತೆ, ಹಾಗೇ ಮಾಡಿರೋದು ಅದನ್ನ. ರಿವರ್ಸಿಗೆ ಹಾಕಿದ ಕೂಡ್ಲೇ ಲಾಕ್ ಬೀಳುತ್ತೆ, ಇಲ್ಲಾಂದ್ರೆ ಫ್ಯಾನಿನ ಎಳೆತಕ್ಕೆ ಎಂಜಿನ್ ನೀರಿಂದ ಆಚೆ ಎದ್ದು ಬರುತ್ತೆ. ಲಾಕ್ ಬಿದ್ದಾಗ ಕಲ್ಲಿಗೆ ತಾಗಿದ್ರೆ ಪೆಟ್ಟೆಲ್ಲಾ ನೇರ ಗೇರ್ ಬಾಕ್ಸಿಗೆ, ಇಲ್ಲಾಂದ್ರೆ ಹಿಂದಿನ ಹಲಗೆಗೆ. ಅದೂ ಅಲ್ದೆ ಮರಳಿಗೆ ಕೂತಾಗ ರಿವರ್ಸಲ್ಲಿ ರೇಸ್ ಕೊಟ್ರೆ ಫ್ಯಾನ್ ಮರಳನ್ನ ಮುಂದಕ್ಕೆ ತಳ್ಳಿ ನಿಮ್ಮ ದೋಣಿ ಅಡಿಗೇ ತುಂಬುತ್ತೆ, ಮರಳು ನೀರನ್ನೇ ಎಂಜಿನ್ ಕುಡಿಯುತ್ತೆ. ಆ ಸಲಹೆ ಕೊಟ್ಟೋರ ಮಾತು ಕೇಳ್ಬೇಡಿ.

ಕುದ್ರುಮನೆ:

ಇಬ್ಬರಿಗೂ ತುಂಬಾ ಧನ್ಯವಾದ. ಈಗಷ್ಟೇ ಅಳೆದೆ, ಶಾರ್ಟ್ ಶಾಫ್ಟೇ, ಪ್ಲೇಟ್ ತಳಕ್ಕಿಂತ ಒಂದಿಂಚು ಕೆಳಗಿದೆ, ಸಮಾಧಾನ ಆಯ್ತು. ಅಪ್ಪಯ್ಯ ಕಂಬಕ್ಕೆ ಗುರ್ತು ಹಾಕೋ ವಿಷಯ ಕೇಳಿ ಇವತ್ತೇ ಹಾಕುವ ಅಂತಿದಾರೆ. ಸ್ಪೀಡ್ ವಿಷಯ ಯಾರೂ ಹೇಳ್ಲಿಲ್ಲ? ಮತ್ತೆ ಲೋಡ್ ಎಲ್ಲಿಡ್ಬೇಕು, ಒಬ್ನೇ ಹೋದಾಗ ಮುಂಭಾಗ ಎದ್ದು ನಿಲ್ಲುತ್ತೆ, ಹಿಂಭಾಗ ತುಂಬಾ ಕುಸಿಯುತ್ತೆ.

ಹಿನ್ನೀರು ಸಾಗರ:

ಸ್ಪೀಡ್ ಬಗ್ಗೆ ನಾನು ಹೇಳ್ತೀನಿ, ಯಾಕಂದ್ರೆ ನಮ್ಮ ಕಡೆ ಈ ತಪ್ಪು ತಿಳುವಳಿಕೆಯಿಂದ ಆಗೋ ಅಪಾಯ ದೊಡ್ಡದು. ನಮ್ಮದು ಲಿಂಗನಮಕ್ಕಿ ಹಿನ್ನೀರು, ಭರತ ಇಳಿತ ಇಲ್ಲ, ಆದ್ರೆ ಮಳೆಗಾಲ ಮುಗಿದ್ಮೇಲೆ ಬೇಸಿಗೆವರೆಗೆ ನೀರು ಇಳೀತಾನೇ ಹೋಗುತ್ತೆ. 1964ರಲ್ಲಿ ಡ್ಯಾಮ್ ಆದಾಗ ಮುಳುಗಿದ ಕಾಡಿನ ಬೊಡ್ಡೆಗಳು ಇನ್ನೂ ಹಾಗೇ ನಿಂತಿವೆ, ನೀರೊಳಗೆ ಇರೋವರೆಗೆ ಮರ ಬೇಗ ಕೊಳೆಯಲ್ಲ. ತುಂಬಿದ ಮಟ್ಟ ಸಮುದ್ರ ಮಟ್ಟದಿಂದ 1819 ಅಡಿ, ಅಲ್ಲಿಂದ ಇಳೀತಾ ಬಂದ ಹಾಗೆ ಪ್ರತಿ ವಾರ ಹೊಸ ಬೊಡ್ಡೆ ನೀರಿನ ಮೇಲ್ಮೈಗೆ ಹತ್ರ ಬರುತ್ತೆ. ಹೊರಗೆ ಕಾಣೋ ಬೊಡ್ಡೆಯಿಂದ ಏನೂ ಭಯ ಇಲ್ಲ, ಅರ್ಧ ಅಡಿ ಕೆಳಗೆ ಇರೋದೇ ಭಯ.

ಜೋರಾಗಿ ಹೋದಾಗ ದೋಣಿ ಮೇಲೆದ್ದು ಕಮ್ಮಿ ನೀರಲ್ಲಿ ತೇಲುತ್ತೆ ಅನ್ನೋದು ಸುಳ್ಳಲ್ಲ. ಆದ್ರೆ ಯಾವುದೋ ಕಾರಣಕ್ಕೆ ಥ್ರಾಟಲ್ ಬಿಟ್ರಿ ಅಂದ್ಕೊಳಿ, ಎದುರಿಗೆ ಬಲೆ ಬಂತು, ಇಲ್ಲಾ ಎಂಜಿನ್ ತಾನೇ ನಿಂತ್ತು, ಆಗ ಹಿಂಭಾಗ ಧಡಕ್ಕಂತ ಕುಸಿದು ಮೊದಲಿಗಿಂತ ಜಾಸ್ತಿ ಆಳಕ್ಕೆ ಇಳಿಯುತ್ತೆ, ನಿಮ್ಮದೇ ಹಿಂದಿನ ಅಲೆ ಬಂದು ದೋಣಿನ ಎತ್ತಿ ಇನ್ನೂ ಮೇಲಿನ ದಿಬ್ಬಕ್ಕೆ ಹಾಕುತ್ತೆ. ಹಾಗೆ ಪೂರ್ತಿ ಸ್ಪೀಡಲ್ಲಿ ಕೂತ ದೋಣಿನ ನಾಲ್ಕು ಜನ ಸೇರಿದ್ರೂ ತಳ್ಳೋಕಾಗಲ್ಲ. ಬೊಡ್ಡೆಗೆ ತಾಗಿದ್ರಂತೂ ದೋಣಿ ನಿಲ್ಲುತ್ತೆ, ಒಳಗಿದ್ದೋರು ನಿಲ್ಲಲ್ಲ, ಮುಂದಕ್ಕೆ ಹಾರ್ತಾರೆ. ಮಕ್ಕಳು ಮುಂಭಾಗದಲ್ಲಿ ಕಾಲು ಇಳಿಬಿಟ್ಕೊಂಡು ಕೂತಿದ್ರೆ ಏನಾಗುತ್ತೆ ಅಂತ ಯೋಚ್ನೆ ಮಾಡಿ, ಬಿದ್ದ ಮಗು ಮೇಲೇನೇ ಫ್ಯಾನ್ ಹಾದು ಹೋಗುತ್ತೆ. ಹಾಗಾಗಿ ಆಳ ಗೊತ್ತಿಲ್ಲದ ಕಡೆ ನಡಿಗೆ ಸ್ಪೀಡು, ಅದಕ್ಕಿಂತ ಜಾಸ್ತಿ ಬೇಡ, ಮಕ್ಕಳು ದೋಣಿ ಒಳಗೆ ಕೆಳಗಡೆ ಕೂರಲಿ.

ಲೋಡ್ ಬಗ್ಗೆ, ನೀವು ಹೇಳಿದ ಹಾಗೆ ಹಿಂದೆ ಕುಸಿದ್ರೆ ಫ್ಯಾನ್ ಇನ್ನೂ ಕೆಳಗೆ ಹೋಗುತ್ತೆ. ಒಬ್ಬರೇ ಇದ್ದಾಗ ಪೆಟ್ರೋಲ್ ಟ್ಯಾಂಕ್ ಪೈಪ್ ಉದ್ದ ಇದ್ದಷ್ಟು ಮುಂದಿಡಿ, ನಡುವಿಂದ ಸ್ವಲ್ಪ ಮುಂದೆ ಎರಡು ಕ್ಯಾನ್ ನೀರು ತುಂಬಿಸಿ ಕಟ್ಟಿಡಿ. ಗೊಬ್ಬರದ ಚೀಲ ನಡುವಲ್ಲಿ, ಎರಡೂ ಕಡೆ ಸಮ. ಸಿಲಿಂಡರ್ ಉರುಳದ ಹಾಗೆ ಹಗ್ಗ ಹಾಕಿ, ಪೆಟ್ರೋಲ್ ಟ್ಯಾಂಕಿಂದ ದೂರ ಇಡಿ.

ನೀರು ಓದೋದು ನಿಧಾನಕ್ಕೆ ಬರುತ್ತೆ. ಹೊಳೆ ತಿರುವಿನ ಹೊರಬದಿ ಆಳ, ಒಳಬದಿ ಮರಳು, ಇದು ಎಲ್ಲಾ ಹೊಳೆಗೂ ಒಂದೇ. ಸುತ್ತ ನೀರು ಸುಮ್ನಿದ್ದು ಒಂದು ಕಡೆ ಮಾತ್ರ ಸಣ್ಣ ಸಣ್ಣ ಅಲೆ ಕುಣೀತಿದ್ರೆ ಅಡಿಲಿ ದಿಬ್ಬ. ಬೆಳ್ಳಕ್ಕಿ ನೀರಲ್ಲಿ ನಿಂತಿದ್ರೆ ಅಲ್ಲಿ ನಿಮ್ಮ ದೋಣಿಗೆ ಜಾಗ ಇಲ್ಲ. ಬೆಳಿಗ್ಗೆ ಸಂಜೆ ಸೂರ್ಯನ ಎದುರಿಗೆ ಹೋಗುವಾಗ ಹೊಳಪಲ್ಲಿ ಇದ್ಯಾವುದೂ ಕಾಣಲ್ಲ, ಆಗ ಇನ್ನೂ ನಿಧಾನ.

ಕಡಲ ತಡಿ:

ಎಲ್ರೂ ದೋಣಿ ಬಗ್ಗೆ ಹೇಳಿದ್ರಿ, ಜನರ ಬಗ್ಗೆ ಎರಡು ಮಾತು. ನೀರು ಸೊಂಟದ ಮಟ್ಟ ಅಷ್ಟೇ ಅಂತ ಲೈಫ್ ಜಾಕೆಟ್ ಬೇಡ ಅನ್ನೋರೇ ಜಾಸ್ತಿ ನಮ್ಮಲ್ಲಿ. ದಿಬ್ಬದ ಪಕ್ಕದಲ್ಲೇ ಮಡು ಇರುತ್ತೆ, ಕೆಸರಲ್ಲಿ ಕಾಲು ಹೂತ್ರೆ ಸೊಂಟದ ನೀರೂ ಸಾಕು ಮುಳುಗೋಕೆ. ಜಾಕೆಟ್ ಸೀಟಿನ ಅಡಿಲಿ ಇಡೋದಲ್ಲ, ಹಾಕ್ಕೊಳ್ಳೋದು, ಮಕ್ಕಳಿಗೆ ಮಕ್ಕಳ ಸೈಜಿಂದೇ, ಕಾಲ ನಡುವೆ ಬೆಲ್ಟ್ ಇರೋದೇ ತಗೊಳಿ.

ಎಂಜಿನ್ನಿಗೆ ಕೆಂಪು ಸುರುಳಿ ದಾರ ಕೊಟ್ಟಿರ್ತಾರೆ, ಕಿಲ್ ಸ್ವಿಚ್ಚಿಂದು. ಸೆಕೆಂಡ್ ಹ್ಯಾಂಡಲ್ಲಿ ಅದು ಕಳೆದು ಹೋಗಿರುತ್ತೆ, ಕ್ಲಿಪ್ ಜಾಗಕ್ಕೆ ಏನೋ ಪ್ಲಾಸ್ಟಿಕ್ ತುಂಡು ಸಿಗಿಸಿರ್ತಾರೆ. ಹೊಸದು ತಗೊಂಡು ಮಣಿಕಟ್ಟಿಗೋ ಜಾಕೆಟ್ಟಿಗೋ ಹಾಕ್ಕೊಳಿ, ನೀವು ಬಿದ್ರೆ ಎಂಜಿನ್ ನಿಲ್ಲುತ್ತೆ, ದೋಣಿ ಮಕ್ಕಳನ್ನ ಕೂರಿಸ್ಕೊಂಡು ಸುತ್ತು ಹೊಡಿಯಲ್ಲ. ಯಾರಾದ್ರೂ ನೀರಿಗಿಳಿಯೋ ಮೊದಲು, ಹತ್ತೋ ಮೊದಲು ಎಂಜಿನ್ ಆಫ್, ನ್ಯೂಟ್ರಲ್ ಸಾಲಲ್ಲ.

ಫೋನ್ ನೀರು ಹೋಗದ ಕವರಲ್ಲಿ ಹಾಕಿ ಕುತ್ತಿಗೆಗೆ ಕಟ್ಕೊಳಿ. 112 ಎಲ್ರಿಗೂ ಗೊತ್ತು, ಕೋಸ್ಟ್ ಗಾರ್ಡ್‌ದು 1554, ಕರಾವಳಿ ಕಾವಲು ಪೊಲೀಸರದ್ದು 1093, ಇವೆರಡನ್ನೂ ಸೇವ್ ಮಾಡಿ. ಮತ್ತೆ ಎಂಜಿನ್ ಇರೋ ದೋಣಿಗೆ ರಿಜಿಸ್ಟ್ರೇಷನ್ ಬೇಕು, 2021ರ ಒಳನಾಡು ಹಡಗು ಕಾಯ್ದೆ ಬಂದಿದೆ, ಬಂದರು ಇಲಾಖೆ ಆಫೀಸಲ್ಲಿ ಕೇಳಿ ನಿಮ್ಮ ಹೆಸರಿಗೆ ಮಾಡಿಸ್ಕೊಳಿ.

ಗಂಗೊಳ್ಳಿ ಬದಿ:

ಕೂತ್ರೆ ಎಂತ ಮಾಡೋದು ಅಂತ ಯಾರೂ ಪೂರ್ತಿ ಹೇಳ್ಲಿಲ್ಲ, ನಾನೇ ಹೇಳ್ತೆ. ತಾಗಿದ ಶಬ್ದ ಕೇಳಿದ ಕೂಡ್ಲೇ ಎಂಜಿನ್ ಆಫ್, ಪೂರ್ತಿ ಎತ್ತಿ. ತಳದಲ್ಲಿ ಬಿರುಕು ಬಿಟ್ಟು ನೀರು ಬತ್ತಾ ಇತ್ತಾ ನೋಡಿ, ಬರ್ತಾ ಇದ್ರೆ ದೋಣಿ ಬಿಡಿಸೋ ಗಡಿಬಿಡಿ ಬೇಡ, ದಿಬ್ಬದ ಮೇಲಿರೋದೇ ಕ್ಷೇಮ, ಮೊದ್ಲು ಬಟ್ಟೆ ತುರುಕಿ ನಿಲ್ಸಿ. ನೀರು ಬರ್ತಿಲ್ಲಾಂದ್ರೆ, ಎಲ್ರೂ ಆಳ ಇರೋ ಕಡೆಗೆ, ಅಂದ್ರೆ ತಾಗದೇ ಇರೋ ತುದಿಗೆ ಸರೀಬೇಕು, ಮುಂಭಾಗ ಕೂತಿದ್ರೆ ಹಿಂದೆ, ಹಿಂಭಾಗ ಕೂತಿದ್ರೆ ಮುಂದೆ. ಆಮೇಲೆ ಗಳ ಊರಿ ಬಂದ ದಾರಿಲೇ ಹಿಂದಕ್ಕೆ ತಳ್ಳಿ. ಮುಂದೆ ಆಳ ಇರ್ಬಹುದು ಅಂತ ದಿಬ್ಬ ದಾಟೋಕೆ ಹೋಪುಕಾಗ, ಹಿಂದೆ ಆಳ ಇತ್ತ್ ಅಂಬುದು ನಿಮಗೆ ಗೊತ್ತಿರೋ ಸಂಗತಿ, ಅದನ್ನೇ ಹಿಡೀರಿ.

ಇಳಿದು ತಳ್ಳೋದಾದ್ರೆ ಮೊದ್ಲು ಗಳದಲ್ಲಿ ಊರಿ ನೋಡಿ. ಮರಳಾದ್ರೆ ಗಟ್ಟಿ ತಾಗ್ತದೆ, ಇಳೀಬಹುದು. ಕೆಸರಾದ್ರೆ ಗಳ ಒಳಗೆ ಹೋಗ್ತದೆ, ಅಲ್ಲಿ ಇಳಿಯೋದೇ ಬೇಡ. ಬರಿಗಾಲಲ್ಲಿ ಇಳೀಬೇಡಿ, ಚಿಪ್ಪು ಕತ್ತಿ ಥರ ಕುಯ್ತದೆ. ಕಾಲು ಎತ್ತಿ ಇಡೋದಲ್ಲ, ಮರಳಲ್ಲಿ ಉಜ್ಜಿಕೊಂಡು ಹೋಗಿ, ತೊರಕೆ ಮೀನು ಮರಳೊಳಗೆ ಮಲಗಿರ್ತದೆ, ಉಜ್ಜಿದ್ರೆ ಅದು ಓಡ್ತದೆ, ತುಳಿದ್ರೆ ಬಾಲದ ಮುಳ್ಳು ಹೊಡೀತದೆ.

ಅಳಿವೆ ಬಾಗಿಲಿಗೆ ಈ ದೋಣಿ ತಗೊಂಡು ಹೋಗ್ಬೇಡಿ, ದೊಡ್ಡವರಾಗಿ ಹೇಳ್ತಿದ್ದೆ. ಇಳಿತದ ನೀರು ಹೊರಗೆ ಓಡೋ ಹೊತ್ತಿಗೆ ಕಡಲಿನ ಅಲೆ ಎದುರಿಂದ ಬಂದ್ರೆ ಆ ದಿಬ್ಬದ ಮೇಲೆ ಅಲೆ ಗೋಡೆ ಥರ ಎದ್ದು ಮುರೀತದೆ, ಹುಟ್ಟಿದಾರಭ್ಯ ಮೀನಿಗೆ ಹೋಗೋರ ದೋಣಿನೇ ಅಲ್ಲಿ ಮಗುಚಿದ್ದಿದೆ. ಮಕ್ಕಳಿಗೆ ಕುದ್ರು ಸುತ್ತು, ಕಾಂಡ್ಲಾ (ಉಪ್ಪುನೀರಿನ ಮರಗಾಡು) ಬದಿ, ಅಷ್ಟೇ ಸಾಕು.

ಬಲೆ ಕಂಡ್ರೆ ಸುತ್ತು ಹಾಕಿ ಹೋಗಿ. ತಪ್ಪಿ ಮೇಲೆ ಹೋಗಿ ಫ್ಯಾನಿಗೆ ಸುತ್ತಿದ್ರೆ ಕೊಯ್ದು ಹಾಕ್ಬೇಡಿ, ಎಂಜಿನ್ ಎತ್ತಿ ಕೈಲಿ ಬಿಡಿಸಿ. ಒಬ್ಬನ ಒಂದು ದಿನದ ಊಟ ಅದು.

ಎಂಜಿನ್ ರಿಪೇರಿ ಹೊನ್ನಾವರ:

ಬಲೆ ಮಾತು ಬಂತಲ್ಲ, ಅದಕ್ಕೇ ಒಂದು ಸೇರಿಸ್ತೀನಿ. ಗಾಳದ ನೈಲಾನ್ ದಾರ ಫ್ಯಾನ್ ಹಿಂದೆ ಶಾಫ್ಟಿಗೆ ಸುತ್ತಿದ್ರೆ ಹೊರಗೆ ಕಾಣಲ್ಲ, ಒಳಗಿನ ಸೀಲ್ ಕತ್ತರಿಸಿ ಗೇರ್ ಬಾಕ್ಸಿಗೆ ನೀರು ಹೋಗುತ್ತೆ. ಆಗಾಗ ಫ್ಯಾನ್ ಬಿಚ್ಚಿ ನೋಡಿ, ಗೇರ್ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ರೆ ನೀರು ಸೇರಿದೆ ಅಂತ ಅರ್ಥ, ಓಡಿಸ್ಬೇಡಿ. ತಾಗಿದ ಮೇಲೆ ಎಂಜಿನ್ ಜೋರಾಗಿ ಕೂಗಿ ದೋಣಿ ಮಾತ್ರ ಮುಂದೆ ಹೋಗ್ತಿಲ್ಲಾಂದ್ರೆ ಫ್ಯಾನ್ ನಡುವಿನ ರಬ್ಬರ್ ಜಾರಿದೆ, ತೀರಾ ನಿಧಾನಕ್ಕೆ ಬಂದ್ರೆ ಮನೆ ಮುಟ್ಬಹುದು. ಒಂದು ಹಳೇ ಫ್ಯಾನು, ಸ್ಪಾನರು, ಸ್ಪ್ಲಿಟ್ ಪಿನ್ನು ದೋಣಿಲಿ ಇರಲಿ. ಬೇಸಿಗೆಲಿ ನಿಮ್ಮ ಹೊಳೆ ನೀರು ಉಪ್ಪು, ಓಡಿಸಿ ಬಂದ ದಿನ ದೊಡ್ಡ ಡ್ರಮ್ಮಲ್ಲಿ ಸಿಹಿನೀರು ತುಂಬಿ ಹತ್ತು ನಿಮಿಷ ನಿಧಾನಕ್ಕೆ ಓಡಿಸಿ.

ಕುದ್ರುಮನೆ:

ಕೊನೇ ಪ್ರಶ್ನೆ. ಲಂಗರು ಬೇಕಾ ಇಷ್ಟು ಸಣ್ಣ ನೀರಿಗೆ? ಈಗ ದೋಣಿ ಜೊತೆ ಬಂದಿರೋದು ಒಂದು ಕಲ್ಲು, ಹತ್ತು ಅಡಿ ಹಗ್ಗ.

ಗಂಗೊಳ್ಳಿ ಬದಿ:

ಬೇಕೇ ಬೇಕು. ಕಲ್ಲು ಮರಳ ಮೇಲೆ ಜಾರ್ತದೆ, ಕೊಕ್ಕೆ ಇರೋ ಸಣ್ಣ ಕಬ್ಬಿಣದ ಲಂಗರು ತಗೊಳಿ, ಹಗ್ಗದ ತುದಿಗೆ ಒಂದು ಮಾರು ಸರಪಳಿ, ಹಗ್ಗ ಕಮ್ಮಿ ಅಂದ್ರೂ ನೂರು ಅಡಿ. ನೀರು ಐದಡಿ ಇದ್ರೂ ಮೂವತ್ತು ಮೂವತ್ತೈದು ಅಡಿ ಬಿಟ್ರೆ ಮಾತ್ರ ಕೊಕ್ಕೆ ಅಡ್ಡ ಮಲಗಿ ಹಿಡೀತದೆ. ಎಂಜಿನ್ ನಿಂತು ಇಳಿತ ಅಳಿವೆ ಕಡೆಗೆ ಎಳೀತಿದ್ರೆ ನಿಮ್ಮ ಕೈಲಿರೋ ಬ್ರೇಕ್ ಅದೊಂದೇ, ಮುಂಭಾಗದಿಂದ ಹಾಕಿ, ಹಿಂದಿಂದ ಹಾಕಿದ್ರೆ ನೀರು ಒಳಗೆ ನುಗ್ತದೆ. ದಿಬ್ಬದ ಮೇಲೆ ಕೂತಾಗಲೂ ಅದೇ ಬೇಕು, ಒಬ್ರು ಜಾಕೆಟ್ ಹಾಕ್ಕಂಡ್ ಮರಳ ಮೇಲೆ ನಡೆದು ಹೋಗಿ ಆಳದ ಬದಿಗೆ ಲಂಗರು ಎಸೆದು ಬಂದ್ರೆ, ಭರತ ಏರ್ತಾ ಇದ್ದ ಹಾಗೆ ದೋಣಿಲಿ ಕೂತೇ ಹಗ್ಗ ಎಳ್ಕಂಡ್ ಹೊರಗೆ ಬಪ್ಪುಕಾತ್. ಹಗ್ಗದ ಇನ್ನೊಂದು ತುದಿ ದೋಣಿಗೆ ಕಟ್ಟಿದೆಯಾ ಅಂತ ಎಸೆಯೋ ಮೊದ್ಲೇ ನೋಡ್ಕಣಿ.